ಹಾಲಿನ ಮೇಲೆ ಕಣ್ಣು

ಯಾರೂ ನೋಡುತ್ತಿರದಿದ್ದರೆ ನೀರು ಕುದಿಯುವುದಿಲ್ಲ, ಹಿಟ್ಟು ಹುಳಿಯುವುದಿಲ್ಲ ಎಂಬುದು ಆ ಲೋಕದಲ್ಲಿ ಎಳೆಮಗುವಿಗೂ ಗೊತ್ತು. ಹಾಗಾಗಿ ಮದುವೆಯಾದಂದಿನಿಂದ ಕುಮುದಳಿಗೆ ರಾತ್ರಿಯಿಡೀ ಮೊಸರು ಹೆಪ್ಪುಗಟ್ಟುವುದನ್ನು ನೋಡುವ ಪಾಳಿ. ಅತ್ತೆ ರಾಜಮ್ಮಣ್ಣಿಗೆ ಬೆಳಗಿನ ಹಾಲಿನ ಪಾಳಿ. "ನನ್ನ ಕಣ್ಣಿಲ್ದಿದ್ರೆ ಈ ಮನೇಲಿ ಒಂದು ಕಾಳೂ ಬೇಯಲ್ಲ ಕಣೇ," ಎನ್ನುವುದು ಅತ್ತೆಯ ನಿತ್ಯದ ಮಂತ್ರ.

ಅಂದು ಬೆಳಿಗ್ಗೆ ತೂಕಡಿಸುತ್ತಲೇ ಅಡುಗೆಮನೆಗೆ ಬಂದ ಕುಮುದ ಬೆಚ್ಚಿ ನಿಂತಳು. ಅತ್ತೆ ಮಣೆಯ ಮೇಲೆ ಕೂತಲ್ಲೇ ಗೊರಕೆ ಹೊಡೆಯುತ್ತಿದ್ದರು. ಹಾಲು ಉಕ್ಕಿ, ಒಲೆಯೆಲ್ಲ ಹರಿದು, ಕಟ್ಟೆಯಿಂದ ತೊಟ್ಟಿಕ್ಕುತ್ತಿತ್ತು.

"ಅತ್ತೆ! ಯಾರೂ ನೋಡ್ದೇನೇ ಉಕ್ಕಿದೆ!"

ರಾಜಮ್ಮಣ್ಣಿ ಕಣ್ಣುಜ್ಜಿಕೊಂಡು ನೋಡಿದರು. ಮುಖ ಬಿಳಿಚಿಕೊಂಡಿತು. ತಾನು ನೋಡದೆಯೂ ಹಾಲು ಉಕ್ಕುವುದಾದರೆ, ಆಯುಷ್ಯವೆಲ್ಲ ಒಲೆಯ ಮುಂದೆ ಕೂತದ್ದು ಯಾವ ಪುರುಷಾರ್ಥಕ್ಕೆ?

ಅಷ್ಟರಲ್ಲಿ, ಅವರು ದಿನಾ ಪೊರಕೆ ಹಿಡಿದು ಅಟ್ಟುತ್ತಿದ್ದ ಹಲ್ಲಿ ಗೋಡೆಯ ಮೇಲೆ ಲೊಚಗುಟ್ಟಿತು.

ರಾಜಮ್ಮಣ್ಣಿಗೆ ಹೋದ ಜೀವ ಬಂದಂತಾಯಿತು. "ಕೃಷ್ಣ ಕೃಷ್ಣ!" ಎಂದು ನೆಲ ತಟ್ಟಿದರು. "ನೋಡಿದ್ಯೇನೇ, ಅದು ನೋಡ್ತಿತ್ತು! ಅದಕ್ಕೆ ರೆಪ್ಪೇನೇ ಇಲ್ಲ, ನಿದ್ದೆ ಎಲ್ಲಿಂದ ಬರ್ಬೇಕು? ಇನ್ಮೇಲೆ ಮೊಸರಿನ ಪಾಳೀನೂ ಅದಕ್ಕೇ ಬಿಡೋಣ."

ಕುಮುದ ತಲೆಯೆತ್ತಿದಳು. ಹಲ್ಲಿಯ ಬಾಲ ಒಲೆಯ ಕಡೆಗಿತ್ತು, ಕಣ್ಣು ಕಿಟಕಿಯ ನೊಣದ ಮೇಲಿತ್ತು.

"ಹೌದತ್ತೆ, ಹಾಲನ್ನೇ ದಿಟ್ಟಿಸ್ತಿದೆ ಪಾಪ," ಎಂದವಳೇ ಹೋಗಿ ಹಾಸಿಗೆ ಬಿಡಿಸಿದಳು. ಸತ್ಯಕ್ಕೋಸ್ಕರ ನಿದ್ದೆಗೆಡಲು ಅವಳೇನು ವಿಜ್ಞಾನಿಯೇ?