ತಿಳಿಗುಲಾಬಿ

“ಫ್ಲಾಸ್ಕ್ ಬಿಟ್ಟು ನನ್ನ ಮಾರಿ ಯಾಕ ನೋಡಾಕತ್ತಿ?”

ಅದೇ ಟೇಬಲ್ಲಿನ ಎದುರಿಗೆ ನಿಂತಿದ್ದ ಜಾಸ್ಮಿನ ಮೆಲ್ಲಗೇ ಕೇಳಿದ್ದಳು. ಆದರೆ ಕೆಮಿಸ್ಟ್ರಿ ಲ್ಯಾಬಿನಲ್ಲಿ ಆ ಹೊತ್ತಿಗೆ ಯಾರೂ ಮಾತಾಡುತ್ತಿರಲಿಲ್ಲ. ಮಾತು ಕೊನೆಯ ಟೇಬಲ್ಲಿನವರೆಗೂ ಹೋಯಿತು. ಯಾರೋ ಕಿಸಕ್ಕನೆ ನಕ್ಕರು. ಅಮಸಿದ್ದ ಗಾಬರಿಯಾಗಿ, ಕ್ಷಾರ ತುಂಬಿದ ಗಾಜಿನ ಕೊಳವೆ ಬ್ಯುರೆಟ್ಟಿನ ತಿರುಪು ಮುಚ್ಚುವುದನ್ನೇ ಮರೆತ. ಕ್ಷಾರ ಸುರಿದು ಫ್ಲಾಸ್ಕಿನ ದ್ರಾವಣ ಬೀಟ್‌ರೂಟ್ ರಸದಂತಾಯಿತು.

ಮಸೂತಿ ಎಂಬ ಊರಿನ ಕುರಿಗಾರರ ಮನೆಯ ಹುಡುಗ ಅವನು. ಬಿಎಸ್ಸಿ ಮೊದಲ ವರ್ಷಕ್ಕೆಂದು ಮುದ್ದೇಬಿಹಾಳಕ್ಕೆ ಬಂದು ಹಾಸ್ಟೆಲ್ ಸೇರಿದ್ದ. ಹಾಸ್ಟೆಲ್ಲಿನ ಅನ್ನ, ಇಂಗ್ಲಿಷಿನ ಪಾಠ, ಒಂದೇ ಕೋಣೆಯಲ್ಲಿ ಆರು ಜನರ ಗದ್ದಲ, ಎಲ್ಲ ಹೇಗೋ ಒಗ್ಗಿದ್ದವು. ಒಗ್ಗದೆ ಉಳಿದದ್ದು ಈ ಲ್ಯಾಬ್ ಒಂದೇ. ಸೂಚಕ ಬೆರೆಸಿದ ಆಮ್ಲಕ್ಕೆ ಹನಿಹನಿಯಾಗಿ ಕ್ಷಾರ ಬಿಡುತ್ತ, ಬಣ್ಣವಿಲ್ಲದ ದ್ರಾವಣ ತಿಳಿಗುಲಾಬಿಯಾದ ಕ್ಷಣಕ್ಕೆ ನಿಲ್ಲಿಸಬೇಕು, ಅಷ್ಟೇ. ಅವನು ಪ್ರತಿ ಸಲವೂ ದಾಟಿಸಿಬಿಡುತ್ತಿದ್ದ. ಹೀಗೇ ಆದರೆ ಬಿಎಗೆ ಬದಲಾಯಿಸಿಕೊಳ್ಳುವುದು ಒಳ್ಳೆಯದು ಎಂದು ಸುನೀತಾ ಮೇಡಂ ಹೋದ ವಾರ ಹೇಳಿದ್ದರು. ಅವನೂ ಮನಸ್ಸಿನಲ್ಲೇ ಒಪ್ಪಿಕೊಂಡಿದ್ದ.

ಈಗ ಮೇಡಂ ಅವನ ಟೇಬಲ್ಲಿಗೇ ಬಂದು ನಿಂತು ಏನು ನಡೆದಿದೆ ಎಂದು ಕೇಳಿದರು. ಜಾಸ್ಮಿನ ಮುಖ ಬಿಗಿದುಕೊಂಡು ಪಕ್ಕಕ್ಕೆ ತಿರುಗಿದಳು. ಬಾಯಿ ಮುಚ್ಚಿಕೊಂಡಿದ್ದರೆ ತನಗೆ ಪೋಲಿ ಎಂಬ ಹೆಸರು ಅಂಟುತ್ತದೆ, ಬಾಯಿ ಬಿಟ್ಟರೆ ದಡ್ಡ ಎಂಬ ಹೆಸರು ಎಂದು ಅಮಸಿದ್ದನಿಗೆ ಹೊಳೆಯಿತು. ಬಾಯಿ ಬಿಟ್ಟ.

“ಬಣ್ಣ ಬಂದಾಗ ಈಕಿ ಹುಬ್ಬ ಮ್ಯಾಲ ಹೋಗ್ತಾವ್ರಿ. ಅದನ್ನ ನೋಡಿ ನಿಲ್ಲಸೂಣು ಅಂತ ನಿಂತಿದ್ದೆ. ನನಗ ಆ ಬಣ್ಣ ಕಾಣಂಗಿಲ್ರಿ.”

ಮತ್ತೆ ನಗೆ ಎದ್ದಿತು. ಮೇಡಂ ನಗಲಿಲ್ಲ. ಎರಡು ಫ್ಲಾಸ್ಕ್ ತೆಗೆದುಕೊಂಡು ಒಂದಕ್ಕೆ ಬರಿಯ ನೀರು ಹಾಕಿದರು. ಇನ್ನೊಂದರಲ್ಲಿ ಎಲ್ಲರಿಗೂ ಕಾಣುವಷ್ಟು ಗುಲಾಬಿ ಬರಿಸಿದರು. ಎರಡನ್ನೂ ಬಿಳಿ ಹಂಚಿನ ಮೇಲಿಟ್ಟು ಭೇದ ಹೇಳು ಎಂದರು. ಅಮಸಿದ್ದ ಬಗ್ಗಿ ನೋಡಿದ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದ.

“ಎರಡೂ ಒಂದ ಅದಾವ್ರಿ.”

ಲ್ಯಾಬಿನಲ್ಲಿ ನಗು ನಿಂತುಹೋಯಿತು. ಅವನಿಗೆ ಊರಿನ ಹೊಲ ನೆನಪಾಯಿತು. ಹಣ್ಣಾದ ಮೆಣಸಿನಕಾಯಿ ಬಿಡಿಸಿಕೊಂಡು ಬಾ ಎಂದರೆ ಹಸಿರನ್ನೂ ಬೆರೆಸಿ ತರುತ್ತಿದ್ದ; ಲಕ್ಷ್ಯ ಎಲ್ಲಿಟ್ಟಿರುತ್ತೀ ಎಂದು ಅವ್ವ ಗುರವ್ವ ಬೈಯುತ್ತಿದ್ದಳು. ತನಗೆ ಲಕ್ಷ್ಯವಿಲ್ಲ ಎಂದೇ ಅವನೂ ಇಷ್ಟು ವರ್ಷ ನಂಬಿದ್ದ.

ಕೆಲವರ ಕಣ್ಣು ಹುಟ್ಟಿನಿಂದಲೇ ಹೀಗಿರುತ್ತದೆ, ದೊಡ್ಡವರಾಗುವ ತನಕ ಗೊತ್ತೇ ಆಗುವುದಿಲ್ಲ, ಅದಕ್ಕೂ ಬುದ್ಧಿಗೂ ಸಂಬಂಧವಿಲ್ಲ ಎಂದು ಮೇಡಂ ಎಲ್ಲರಿಗೂ ಕೇಳುವಂತೆ ಹೇಳಿದರು. ಬಿಎ ಮಾತನ್ನು ತಾನು ಆಡಬಾರದಿತ್ತು ಎಂದೂ ಸೇರಿಸಿದರು. ಆಮೇಲೆ ಒಳಕೋಣೆಗೆ ಹೋಗಿ ಕಪಾಟು ತಡಕಾಡಿ, ಬೇರೊಂದು ಸೂಚಕದ, ಧೂಳು ಹಿಡಿದ ಪುಟ್ಟ ಬಾಟಲಿಯನ್ನು ಸೆರಗಿನಿಂದ ಒರೆಸುತ್ತ ಬಂದರು.

“ಇವತ್ತಿನಿಂದ ನೀ ಇದನ್ನ ಹಾಕು. ಇದಕ ಗುಲಾಬಿ ಬರಂಗಿಲ್ಲ, ನೀಲಿ ಬರ್ತೈತಿ.”

ಅಮಸಿದ್ದ ಹೊಸದಾಗಿ ಆಮ್ಲ ಅಳೆದು ಎರಡು ಹನಿ ಅದನ್ನು ಹಾಕಿದ. ತಿರುಪು ಸಡಿಲಿಸಿದ. ಈ ಸಲ ಅವನ ಕಣ್ಣು ಫ್ಲಾಸ್ಕ್ ಬಿಟ್ಟು ಅಲುಗಲಿಲ್ಲ. ಹನಿ ಬಿದ್ದಲ್ಲಿ ನೀಲಿಯ ಎಳೆಯೊಂದು ಮೂಡಿ ಕರಗಿತು. ಇನ್ನೊಂದು ಮೂಡಿತು, ಸ್ವಲ್ಪ ಹೊತ್ತು ನಿಂತು ಕರಗಿತು. ಅವನು ಉಸಿರು ಬಿಗಿಹಿಡಿದು ಅರ್ಧ ಹನಿ ಬಿಟ್ಟ. ಇಡೀ ಫ್ಲಾಸ್ಕು ಮುಂಜಾನೆಯ ಆಕಾಶದಂತಾಯಿತು, ಹಾಗೇ ಉಳಿಯಿತು. ಅವನು ತಿರುಪು ಮುಚ್ಚಿದ.

“ಕಾಣ್ತೇನು?” ಜಾಸ್ಮಿನ ಕೇಳಿದಳು. ಅವಳ ಸಿಟ್ಟು ಯಾವಾಗಲೋ ಇಳಿದಿತ್ತು.

“ಕಾಣ್ತೈತಿ,” ಎಂದ. ಅವನು ಫ್ಲಾಸ್ಕ್ ತೊಳೆದು ಮತ್ತೆ ಮಾಡಿದ, ಮತ್ತೊಮ್ಮೆಯೂ ಮಾಡಿದ. ಪ್ರತಿ ಸಲವೂ ಬ್ಯುರೆಟ್ಟಿನ ಕ್ಷಾರ ಅದೇ ಗೆರೆಗೆ ನಿಂತಿತು. ಮೇಡಂ ಕನ್ನಡಕ ಏರಿಸಿ ಗೆರೆ ನೋಡಿದರು. ಈ ವರ್ಷದ ಬ್ಯಾಚಿನಲ್ಲಿ ಇಷ್ಟು ಒಂದೇ ಸಮನೆ ಯಾರಿಗೂ ಬಂದಿಲ್ಲ ಎಂದು ಎಲ್ಲರ ಮುಂದೆ ಹೇಳಿ, ಅವನ ಬೆನ್ನು ತಟ್ಟಿದರು. ಆಗ ಅಮಸಿದ್ದ ತಲೆ ಎತ್ತಿ, ಕಾಲೇಜು ಸೇರಿದ ಮೇಲೆ ಮೊದಲ ಸಲ ಹಲ್ಲು ಕಾಣುವಂತೆ ನಕ್ಕ.

ಗಂಟೆ ಹೊಡೆಯಿತು. ಹುಡುಗರೆಲ್ಲ ಬ್ಯಾಗು ಹೆಗಲಿಗೇರಿಸಿ ಹೊರಟರು. ಇಂಡಿ ಊರಿನ ಚೇತನಕುಮಾರ, ಆ ಲ್ಯಾಬಿನಲ್ಲಿ ಎಲ್ಲರಿಗಿಂತ ಚುರುಕು ಎನಿಸಿಕೊಂಡವನು, ಬಾಗಿಲ ತನಕ ಹೋಗಿ ತಿರುಗಿ ಬಂದ. ಗೆಳೆಯರು ದೂರ ಹೋದರೆಂದು ಖಾತ್ರಿ ಮಾಡಿಕೊಂಡು ಮೇಡಂ ಹತ್ತಿರ ನಿಂತು, ದನಿ ಇಳಿಸಿ ಹೇಳಿದ:

“ಮೇಡಮ್, ಆ ಬಾಟ್ಲಿ ಒಳಗ ಇಡಬ್ಯಾಡ್ರಿ. ನನಗೂ ಬೇಕ್ರಿ.”