ಸೈಕಲ್ ಕೋಣೆಯ ಬಣ್ಣ

ಕಂಬದ ಕರೆಂಟು ನಿಂತ ಮೇಲೆ ಊರವರೆಲ್ಲ ಮನೆಯ ಕಸರತ್ತಿನ ಕೋಣೆಯಲ್ಲಿ ಸೈಕಲ್ ತುಳಿದೇ ದೀಪ ಉರಿಸುತ್ತೇವೆ. ನಮ್ಮಲ್ಲಿ ಮೊದಲ ಪಾಲು ಮಗಳು ಸಾವಂತ್ರಿಯ ಉಸಿರಿನ ಮಷೀನಿಗೆ. ಹಗಲು ನಾನು ತುಳಿಯುತ್ತೇನೆ, ರಾತ್ರಿ ಹೆಂಡತಿ ಈರವ್ವ.

ಪೇಂಟರ್ ಖಾದರಸಾಬ ಆ ಕೋಣೆಗೆ ಹಚ್ಚಲು ಕೆಂಪು, ಹಸಿರು ಎರಡು ಡಬ್ಬಿ ತಂದಿಟ್ಟ. ಕೆಂಪು ಗೋಡೆ ನೋಡುತ್ತ ತುಳಿದರೆ ದಣಿವೇ ಗೊತ್ತಾಗುವುದಿಲ್ಲ. ಹಸಿರಾದರೆ ಸುಸ್ತಾದ ಕೂಡಲೇ ಕಾಲು ತಾನಾಗಿ ನಿಲ್ಲುತ್ತದೆ.

"ಕೆಂಪು ಹಚ್ಚೋ," ಎಂದೆ ತುಳಿಯುತ್ತಲೇ.

"ಹಸಿರು ಹಚ್ಚಪಾ," ಎಂದಳು ಈರವ್ವ. "ಕೆಂಪು ಹಚ್ಚಿಸಿದ ಫಕೀರಪ್ಪ ಸೈಕಲ್ ಮ್ಯಾಲೇ ಎದಿ ಒಡದು ಸತ್ತ."

"ಖರೇ ಐತ್ರಿ. ಆ ಗೋಡಿಗೆ ನಾನೇ ಹಚ್ಚಿದ್ದೆ," ಎಂದ ಖಾದರಸಾಬ.

ನನಗೆ ರೇಗಿತು. "ಬಣ್ಣ ಹಚ್ಚಾಕ ಬಂದೀಯೋ, ಹೆಣ ಎಣಿಸಾಕ ಬಂದೀಯೋ?" ಎಂದು ಸೈಕಲ್ಲಿಂದಿಳಿದು ಅವನ ಮೇಲೆ ಹಾರಾಡಿದೆ. ಈರವ್ವನೂ ದನಿ ಏರಿಸಿದಳು.

ಪಕ್ಕದ ಕೋಣೆಯಲ್ಲಿ ಮಷೀನಿನ ಸದ್ದು ನಿಂತದ್ದು ಖಾದರಸಾಬನಿಗೇ ಮೊದಲು ತಿಳಿಯಿತು. "ಯಜಮಾನ್ರ, ತುಳೀರಿ!"

ಹಾರಿ ಕೂತು ತುಳಿದೆ. ಸಾವಂತ್ರಿ ಕೆಮ್ಮಿದಳು. ಮಷೀನು ಮತ್ತೆ ಗೊರಗುಟ್ಟಿತು.

ಈರವ್ವ ಮಗಳನ್ನು ನೋಡಿ ಬಂದಳು. ಆಮೇಲೆ ನನ್ನ ಮುಖ ನೋಡದೆ, ಕೆಂಪು ಡಬ್ಬಿಯ ಮುಚ್ಚಳ ತಾನೇ ಕಿತ್ತಳು.