ಸಿದ್ದಯ್ಯನ ಅಂಗೈ

"ಅಪ್ಪಾ, ಅಂಗೈಲಿ ಮುಟ್‌ಬ್ಯಾಡ! ಕೈ ತಿರುಗ್ಸಿ ಇಂಬದಿಯಿಂದ ಮುಟ್ಟಿ ನೋಡು!"

ಒಲೆಯ ಶಾಖದಲ್ಲಿ ಹೊಗೆಸೊಪ್ಪು ಬೇಯುತ್ತಿದ್ದ ಬ್ಯಾರನ್ ಮನೆಯ ತಗಡಿನ ಬಾಗಿಲಿಗೆ ಕೈಯಿಟ್ಟಿದ್ದ ಸಿದ್ದಯ್ಯನಿಗೆ ರೇಗಿಹೋಯಿತು. ಹಡಗಿಗೆ ಸೇರಲು ಕಡ್ಡಾಯವಾದ ಬೆಂಕಿ ಸುರಕ್ಷತಾ ತರಬೇತಿ ಮುಗಿಸಿ ಬಂದಾಗಿನಿಂದ ಮಗ ತೇಜಸ್‌ನದು ಇದೇ ಗೋಳು. ಅಡುಗೆ ಒಲೆ ಮುಂದೆ ಕೂತ ಅವ್ವನಿಗೂ ಪಾಠ.

"ನೀ ಉಟ್ಟಕ್ ಮುಂಚಿಂದ ಅಂಗೈಲೇ ಶಾಖ ನೋಡ್ತಾ ಇವ್ನಿ ಕಣ್ಲಾ. ಸರ್ಯಾಗೈತೆ, ಸುಮ್ಕಿರು!"

ತೇಜಸ್ ಅಪ್ಪನ ಕೈ ಹಿಡಿದು ಮಗುಚಿ, ಅದರ ಹಿಂಬದಿಯನ್ನು ಅದೇ ತಗಡಿಗೆ ತಾಕಿಸಿದ.

"ಅಯ್ಯಪ್ಪಾ!" ಸಿದ್ದಯ್ಯ ಕೈ ಕಿತ್ತುಕೊಂಡ. ಅಂಗೈಗೆ ಬೆಚ್ಚಗಷ್ಟೇ ಇದ್ದ ತಗಡು ಹಿಂಬದಿಗೆ ಕಾದ ಹೆಂಚಿನಂತೆ ಸುಡುತ್ತಿತ್ತು. ಬ್ಯಾರನ್ ಹೊತ್ತಿಕೊಳ್ಳುವ ಮೊದಲೇ ಉರಿಯುವ ಸೌದೆ ಹೊರಗೆಳೆಯಲು ತೇಜಸ್ ಅದರ ಒಲೆಯತ್ತ ಓಡಿದ. ಸಿದ್ದಯ್ಯ ಜಡ್ಡುಗಟ್ಟಿದ ತನ್ನ ಅಂಗೈಯನ್ನು ಮುಖದ ಹತ್ತಿರ ತಂದು ಬೈದ:

"ಥೂ ನಿನ್ನ! ಯಾವಾಗ ಸತ್ತೋದೆ, ನಂಗೊಂದ್ ಮಾತೂ ಯೋಳ್ದಂಗೆ?"